ಕಾಪಿರೈಟ್ ಮುರಿದರೆ ಜೈಲು: ಯಾರಿಗೆ, ಯಾವಾಗ?

ಮುಂಬೈಯ ಮಾಟುಂಗಾದಲ್ಲಿ ಕನ್ನಡ ರಂಗಾಸಕ್ತರು ಮತ್ತು ಓದುಗರು ಸೇರಿದ್ದ ಸಭೆಯೊಂದರಲ್ಲಿ, ಇದೇ ಊರಿನಲ್ಲಿ ವಕೀಲಿ ಮಾಡುವ ಕನ್ನಡಿಗರೊಬ್ಬರು ಆಡಿದ ಮಾತಿನ ಬರಹ ರೂಪ.

ಕಾಪಿರೈಟ್ ಮುರಿದರೆ ಜೈಲಿಗೆ ಹೋಗಬೇಕಾಗುತ್ತದಾ? ಮದುವೆ ಮನೆಯಲ್ಲಿ, ರಿಹರ್ಸಲ್ ನಡೆಯುವ ಜಾಗದಲ್ಲಿ, ಲೋಕಲ್ ಟ್ರೇನಿನಲ್ಲಿ ಪರಿಚಯದವರು ಸಿಕ್ಕಿದರೂ ನನ್ನನ್ನು ಕೇಳುವುದು ಇದನ್ನೇ. ಕೇಳುವವರಲ್ಲಿ ಎರಡು ಬಗೆ. ಕೆಲವರಿಗೆ "ಇದಕ್ಕೆಲ್ಲ ಯಾರು ಕೇಸ್ ಹಾಕ್ತಾರೆ ಬಿಡಿ" ಎಂಬ ಧೈರ್ಯ. ಇನ್ನು ಕೆಲವರಿಗೆ, ಸ್ಮರಣ ಸಂಚಿಕೆಯಲ್ಲಿ ಒಂದು ಕವನದ ಎರಡು ಸಾಲು ಹಾಕಿದರೂ ಪೊಲೀಸರು ಬರುತ್ತಾರೇನೋ ಎಂಬ ಭಯ. ನಾನು ನೋಡಿದ ಮಟ್ಟಿಗೆ, ಹೆದರಬೇಕಾದವರು ಹೆದರುವುದಿಲ್ಲ. ಹೆದರಬೇಕಾಗಿಲ್ಲದವರು ಹೆದರಿ ಕೆಲಸವನ್ನೇ ಬಿಡುತ್ತಾರೆ. ನಮ್ಮ ಎಷ್ಟೋ ಹವ್ಯಾಸಿ ತಂಡಗಳು ಒಳ್ಳೆಯ ನಾಟಕಗಳನ್ನು ಕೈಬಿಟ್ಟದ್ದು ಹೀಗೆ. ಅದಕ್ಕೇ ಈ ವಿಷಯ ಮಾತಾಡಲು ನನಗೆ ಮನಸ್ಸಾಯಿತು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೌದು, ಜೈಲು ಇದೆ. 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ತೆಗೆದು ನೋಡಿ. ಗೊತ್ತಿದ್ದೂ ಬೇರೆಯವರ ಕಾಪಿರೈಟ್ ಉಲ್ಲಂಘಿಸಿದವರಿಗೆ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಜೈಲು. ಜೊತೆಗೆ ದಂಡ. ಅದು ಕಡಿಮೆ ಅಂದರೆ 50,000 ರೂಪಾಯಿ, ಜಾಸ್ತಿ ಅಂದರೆ 2 ಲಕ್ಷ. ಇದು ಬೇಕೋ ಅದು ಬೇಕೋ ಅಂತ ಆಯ್ಕೆ ಇಲ್ಲ, ಎರಡೂ ಬೀಳುತ್ತವೆ. ಒಮ್ಮೆ ಶಿಕ್ಷೆಯಾದವರು ಮತ್ತೆ ಅದನ್ನೇ ಮಾಡಿ ಸಿಕ್ಕಿಬಿದ್ದರೆ ಕನಿಷ್ಠ 1 ವರ್ಷ ಜೈಲು, ಕನಿಷ್ಠ 1 ಲಕ್ಷ ದಂಡ. ಕುಮ್ಮಕ್ಕು ಕೊಟ್ಟವರಿಗೂ ಇದೇ ಸೆಕ್ಷನ್.

ಕಾಯ್ದೆ ಬಂದಾಗ ಇಷ್ಟು ಬಿಗಿ ಇರಲಿಲ್ಲ. 1957ರಲ್ಲಿ ಗರಿಷ್ಠ ಶಿಕ್ಷೆ 1 ವರ್ಷ. ಬರೀ ದಂಡ ಹಾಕಿ ಬಿಡುವ ಅವಕಾಶವೂ ಮ್ಯಾಜಿಸ್ಟ್ರೇಟರಿಗಿತ್ತು. ಬದಲಾದದ್ದು 1984ರಲ್ಲಿ. ಯಾಕೆ ಅಂತ ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಅದು ವಿಡಿಯೋ ಕ್ಯಾಸೆಟ್ ಕಾಲ. ವಿಸಿಆರ್ ಬಾಡಿಗೆಗೆ ತಂದು ಚಾಳಿನವರೆಲ್ಲ ಒಂದೇ ಕೋಣೆಯಲ್ಲಿ ಕೂತು ರಾತ್ರಿಯಿಡೀ ಸಿನಿಮಾ ನೋಡುತ್ತಿದ್ದರು. ಥಿಯೇಟರ್‌ಗಳು ಖಾಲಿ ಹೊಡೆಯತೊಡಗಿದವು. ಸಿನಿಮಾದವರು ದೊಡ್ಡ ದನಿಯಲ್ಲಿ ಕೇಳಿದರು, ಸಂಸತ್ತು ಕೊಟ್ಟಿತು. ಕನಿಷ್ಠ 6 ತಿಂಗಳು ಎಂಬುದು ಬಂದದ್ದು ಆಗಲೇ. ಪೊಲೀಸರ ಕೈಗೆ ದೊಡ್ಡ ಅಧಿಕಾರ ಬಂದದ್ದೂ ಆಗಲೇ. 64ನೇ ಸೆಕ್ಷನ್ ಪ್ರಕಾರ ಸಬ್‌ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿ ವಾರಂಟ್ ಇಲ್ಲದೆಯೇ ಕಳ್ಳಪ್ರತಿಗಳನ್ನೂ ಅವನ್ನು ತಯಾರಿಸುವ ಸಾಮಾನನ್ನೂ ಜಪ್ತಿ ಮಾಡಬಹುದು. ಅಪರಾಧ ನಡೆದಿರಲೇಬೇಕು ಅಂತಿಲ್ಲ, ನಡೆಯುವ ಸಾಧ್ಯತೆ ಇದೆ ಅಂತ ಅವರಿಗೆ ಮನವರಿಕೆಯಾದರೆ ಸಾಕು. ವಶಪಡಿಸಿಕೊಂಡದ್ದನ್ನು ಬೇಗ ಮ್ಯಾಜಿಸ್ಟ್ರೇಟರ ಮುಂದೆ ಇಡಬೇಕು. ನಿಮ್ಮ ವಸ್ತು ಅದರಲ್ಲಿ ಸೇರಿ ಹೋಗಿದ್ದರೆ 15 ದಿನದೊಳಗೆ ಅರ್ಜಿ ಹಾಕಿ ವಾಪಸು ಕೇಳಬಹುದು. ಈ 15 ದಿನದ ಲೆಕ್ಕ ನೆನಪಿಟ್ಟುಕೊಳ್ಳಿ. ಝೆರಾಕ್ಸ್ ಅಂಗಡಿಯವರು ಇದನ್ನು ತಿಳಿಯದೆ ಮೆಷಿನ್ ಕಳೆದುಕೊಂಡು ಕೂರುತ್ತಾರೆ.

ಆಮೇಲೆ ಕಂಪ್ಯೂಟರ್ ಬಂತು. 1995ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 63ಬಿ ಸೇರಿತು. ಕದ್ದ ಸಾಫ್ಟ್‌ವೇರ್ ಅಂತ ಗೊತ್ತಿದ್ದೂ ಬಳಸಿದರೆ ಕನಿಷ್ಠ 7 ದಿನ ಜೈಲು. ವ್ಯಾಪಾರಕ್ಕಲ್ಲದೆ ಬಳಸಿದ್ದರೆ ಕೋರ್ಟ್ ಬರೀ ದಂಡಕ್ಕೆ ಬಿಡಬಹುದು. ನಮ್ಮ ಡಿಟಿಪಿ ಸೆಂಟರಿನವರು ಇದನ್ನು ಗಮನಿಸಬೇಕು. ಪುಸ್ತಕದ ಪುಟ ಕಟ್ಟುವ ಸಾಫ್ಟ್‌ವೇರ್ ಕ್ರ್ಯಾಕ್ ಮಾಡಿದ್ದು, ಆದರೆ ಪುಸ್ತಕದ ಮೊದಲ ಪುಟದಲ್ಲಿ "ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ" ಅಂತ ಅಚ್ಚು ಹಾಕುತ್ತೇವೆ. ಇದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಈಗ ಇಡೀ ವಿಷಯದ ನಡುಮಧ್ಯಕ್ಕೆ ಬರೋಣ. ಸಿವಿಲ್ ದಾವೆಯಲ್ಲಿ "ನನಗೆ ಗೊತ್ತಿರಲಿಲ್ಲ" ಅಂದರೆ ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕೋರ್ಟ್ ತಡೆಯಾಜ್ಞೆ ಕೊಡಬಹುದು, ನೀವು ಮಾಡಿದ ಲಾಭವನ್ನು ಕೊಡಿಸಬಹುದು. ಕ್ರಿಮಿನಲ್ ಕೇಸಿನಲ್ಲಿ ಹಾಗಲ್ಲ. ನಿಮಗೆ ಗೊತ್ತಿತ್ತು ಅನ್ನುವುದನ್ನು ದೂರುದಾರರ ಕಡೆಯವರು ಸಾಬೀತು ಮಾಡಬೇಕು, ಅದೂ ಅನುಮಾನಕ್ಕೆ ಎಡೆ ಇಲ್ಲದಂತೆ. ಫುಟ್‌ಪಾತಿನಲ್ಲಿ ಹೊಸ ಬೆಸ್ಟ್‌ಸೆಲ್ಲರ್‌ನ ಕಳ್ಳಮುದ್ರಣವನ್ನು ರಾಶಿ ಹಾಕಿಕೊಂಡು ಮಾರುವವನಿಗೆ ಅದು ಕಳ್ಳಮುದ್ರಣ ಅಂತ ಗೊತ್ತು. ಕಾಗದ ನೋಡಿದರೆ, ಅಂಟು ನೋಡಿದರೆ, ಅವನು ಕೊಂಡ ಬೆಲೆ ನೋಡಿದರೆ ಯಾರಿಗೂ ಗೊತ್ತಾಗುತ್ತದೆ. ಆದರೆ ಸಭಾಂಗಣ ಬಾಡಿಗೆಗೆ ಕೊಟ್ಟವರಿಗೆ, ಆ ಸಂಜೆ ಆಡುವ ನಾಟಕಕ್ಕೆ ಅನುಮತಿ ಇದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಕಾಯ್ದೆಯೂ ಇದನ್ನು ಒಪ್ಪುತ್ತದೆ. ಲಾಭಕ್ಕಾಗಿ ಜಾಗ ಕೊಟ್ಟವರು ಹೊಣೆಗಾರರು, ಆದರೆ ಅವರಿಗೆ ತಿಳಿದಿರಲಿಲ್ಲ, ಅನುಮಾನಿಸಲು ಕಾರಣವೂ ಇರಲಿಲ್ಲ ಎಂದಾದರೆ ಇಲ್ಲ.

ಹಾಗಾಗಿ ಲೇಖಕರ ಕಡೆಯಿಂದ ಒಂದು ನೋಟಿಸ್ ಬಂದ ಮೇಲೆ ಪರಿಸ್ಥಿತಿಯೇ ಬೇರೆ. "ಇದು ನನ್ನದು, ನಿಲ್ಲಿಸಿ" ಅಂತ ಅವರು ಬರೆದ ದಿನದಿಂದ ನೀವು ಗೊತ್ತಿಲ್ಲದವರಲ್ಲ. ಆಮೇಲೂ ಮುಂದುವರಿಸಿದರೆ ನಿಮ್ಮ ವಿರುದ್ಧ ಸಾಕ್ಷಿಯನ್ನು ನೀವೇ ತಯಾರು ಮಾಡಿಕೊಟ್ಟ ಹಾಗೆ. ನೋಟಿಸನ್ನು ಡ್ರಾಯರಿಗೆ ಹಾಕಿ ಮರೆಯಬೇಡಿ. ಒಪ್ಪುತ್ತೀರೋ ಇಲ್ಲವೋ, ಉತ್ತರ ಬರೆಯಿರಿ.

ಇಲ್ಲಿ ಸಣ್ಣದೊಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ, ಮುಂಬೈಯವರಿಗೆ ಇಷ್ಟವಾಗಬಹುದು. ಕಟ್ಟಡದ ವಿನ್ಯಾಸಕ್ಕೂ ಕಾಪಿರೈಟ್ ಇದೆ. ಆದರೆ ಬೇರೊಬ್ಬರ ವಿನ್ಯಾಸ ಕದ್ದು ಕಟ್ಟಡ ಕಟ್ಟಿದರೆ ಅದು 63ನೇ ಸೆಕ್ಷನ್ನಿನ ಅಪರಾಧವಲ್ಲ ಅಂತ ಕಾಯ್ದೆಯೇ ಬಿಡಿಸಿ ಹೇಳಿದೆ. ಸಿವಿಲ್ ದಾವೆ ಹಾಕಬಹುದು, ಅಷ್ಟೆ. ಕವನ ಕದ್ದರೆ ಜೈಲು, 40 ಮಹಡಿ ಕದ್ದರೆ ಇಲ್ಲ!

ಈಗ ನನ್ನ ತಕರಾರು ಹೇಳುತ್ತೇನೆ. ಕಾಪಿರೈಟ್, ಪೇಟೆಂಟ್‌ನಂಥ ಹಕ್ಕುಗಳ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ಇದೆ, ಅದರಲ್ಲಿ 61ನೇ ವಿಧಿ. ವ್ಯಾಪಾರದ ಮಟ್ಟದಲ್ಲಿ, ಬೇಕೆಂತಲೇ ನಡೆಯುವ ಪೈರಸಿಗೆ ಕ್ರಿಮಿನಲ್ ಶಿಕ್ಷೆ ಇರಬೇಕು ಅಂತ ಅದು ಸದಸ್ಯ ದೇಶಗಳಿಗೆ ಹೇಳುತ್ತದೆ. ವ್ಯಾಪಾರದ ಮಟ್ಟ ಎಂಬುದನ್ನು ಗಮನಿಸಿ. ಅಮೆರಿಕದ ಕಾನೂನು ಲೆಕ್ಕವನ್ನೇ ಹಾಕಿಟ್ಟಿದೆ. 180 ದಿನದೊಳಗೆ 10 ಅಥವಾ ಹೆಚ್ಚು ಪ್ರತಿ, ಒಟ್ಟು ಬೆಲೆ 2,500 ಡಾಲರ್ ದಾಟಿದರೆ 5 ವರ್ಷದವರೆಗೆ ಜೈಲು. ಶಿಕ್ಷೆ ನಮ್ಮದಕ್ಕಿಂತ ದೊಡ್ಡದು, ಆದರೆ ಗೆರೆ ಎಲ್ಲಿದೆ ಅಂತ ಕಾಣುತ್ತದೆ. ನಮ್ಮ 63ನೇ ಸೆಕ್ಷನ್ನಿನಲ್ಲಿ ಆ ಗೆರೆ ಇಲ್ಲ. ಹತ್ತು ಸಾವಿರ ಪ್ರತಿ ಅಚ್ಚು ಹಾಕಿ ಮಾರಿದವನೂ ಒಂದೇ ಸೆಕ್ಷನ್, ಗೆಳೆಯನಿಗೆ ಒಂದು ಪ್ರತಿ ಮಾಡಿಕೊಟ್ಟವನೂ ಅದೇ ಸೆಕ್ಷನ್. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲ ಎಂದಾದರೆ ಶಿಕ್ಷೆಯನ್ನು 6 ತಿಂಗಳಿಗಿಂತ ಇಳಿಸಬಹುದು ಅಂತ ಒಂದು ಉಪವಾಕ್ಯ ಇದೆ ನಿಜ. ಅದಕ್ಕೆ ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ಬರೆಯಬೇಕು. ಆದರೆ ಆ ಉಪವಾಕ್ಯ ಉಪಯೋಗಕ್ಕೆ ಬರುವುದು ಎಲ್ಲ ಮುಗಿದು ಶಿಕ್ಷೆ ಹೇಳುವ ದಿನ. ಅಷ್ಟರಲ್ಲಿ ಆ ಮನುಷ್ಯ ಪೊಲೀಸ್ ಠಾಣೆ, ಜಾಮೀನು, ತಾರೀಕಿನ ಮೇಲೆ ತಾರೀಕು ಎಲ್ಲ ಅನುಭವಿಸಿ ಆಗಿರುತ್ತದೆ. ಲಾಭಕ್ಕಾಗಿ ಮಾಡಿದವರನ್ನೂ ಹಾಗಲ್ಲದವರನ್ನೂ ಬೇರ್ಪಡಿಸಬೇಕಾದದ್ದು ಎಫ್‌ಐಆರ್ ಆಗುವ ಮೊದಲು. ಕಾಯ್ದೆ ತಿದ್ದುವವರಿಗೆ ನಾನು ಇದನ್ನೇ ಹೇಳುತ್ತ ಬಂದಿದ್ದೇನೆ.

ಎಫ್‌ಐಆರ್ ಮಾತು ಬಂತಲ್ಲ. ಇದು ಜಾಮೀನು ಸಿಗುವ ಅಪರಾಧವೋ, ಸಿಗದ್ದೋ ಅಂತ ಹೈಕೋರ್ಟುಗಳಲ್ಲೇ ಭಿನ್ನಾಭಿಪ್ರಾಯ ಇತ್ತು. ಗೊಂದಲ ಎಲ್ಲಿ ಅಂದರೆ, 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಇದರ ಶಿಕ್ಷೆ 3 ವರ್ಷದವರೆಗೆ. ಹಾಗಾದರೆ ಯಾವ ಸಾಲಿಗೆ ಸೇರಿಸಬೇಕು? 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ನಿಟ್ ಪ್ರೋ ಪ್ರಕರಣದಲ್ಲಿ, ಇದನ್ನು ಮುಗಿಸಿತು. ಪೂರ್ತಿ 3 ವರ್ಷ ಕೊಡಲು ಸಾಧ್ಯವಿರುವುದರಿಂದ ಇದು ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಅಂತ ತೀರ್ಪಾಯಿತು. ಜಾಮೀನು ಸಿಗುವುದೇ ಇಲ್ಲ ಅಂತ ಇದರ ಅರ್ಥವಲ್ಲ. ಠಾಣೆಯಲ್ಲಿ ಕೇಳಿದೊಡನೆ ಸಿಗದು, ಕೋರ್ಟಿನ ವಿವೇಚನೆಗೆ ಬಿಟ್ಟದ್ದು.

ಹೆದರಿಸಲು ಇದನ್ನು ಹೇಳುತ್ತಿಲ್ಲ. ಇದರ ಪಕ್ಕದಲ್ಲೇ ಇನ್ನೊಂದು ತೀರ್ಪು ಇದೆ, ಅದೂ ಗೊತ್ತಿರಬೇಕು. 2014ರ ಅರ್ನೇಶ್ ಕುಮಾರ್ ಪ್ರಕರಣ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ನೆ ಬಂಧಿಸುವಂತಿಲ್ಲ, ಬಂಧನ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೆಯಬೇಕು, ಬೇಡವಾದರೆ ಹಾಜರಾಗಲು ನೋಟಿಸ್ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಬಂಧನ, ತನಿಖೆಯ ಕ್ರಮ ಹೇಳುವ, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 35ನೇ ಸೆಕ್ಷನ್. ಅದೇ ಸಂಹಿತೆಯಲ್ಲಿ, 3ರಿಂದ 7 ವರ್ಷದೊಳಗಿನ ಅಪರಾಧಗಳಿಗೆ ಮೇಲಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಿ, ಆಮೇಲೆ ಎಫ್‌ಐಆರ್ ವಿಷಯ ನಿರ್ಧರಿಸುವ ದಾರಿಯನ್ನೂ ಇಟ್ಟಿದ್ದಾರೆ. ಕಾಪಿರೈಟ್ ದೂರುಗಳಲ್ಲಿ ಪೊಲೀಸರು ಈ ದಾರಿಯನ್ನು ಹೆಚ್ಚು ಬಳಸಬೇಕು. ಯಾವುದು ಯಾರದು ಅಂತ ತಿಳಿಯಲು ಕಾಗದಪತ್ರ ಓದಬೇಕಾಗುತ್ತದೆ, ಠಾಣೆಯ ಮೇಜಿನಲ್ಲಿ ಐದು ನಿಮಿಷದಲ್ಲಿ ತಿಳಿಯುವ ವಿಷಯ ಅದಲ್ಲ.

ನಮ್ಮ ರಾಜ್ಯದ ಪೊಲೀಸರ ಬಗ್ಗೆ ಹೇಳುವುದಾದರೆ, ಮಹಾರಾಷ್ಟ್ರ ಸೈಬರ್ ವಿಭಾಗ 2017ರಲ್ಲಿ ಇಂಥ ಅಪರಾಧಗಳಿಗೆಂದೇ ಒಂದು ಘಟಕ ಕಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ, ಅಮೆರಿಕದ ದೊಡ್ಡ ಟಿವಿ ಸರಣಿಯ ಒಂದು ಕಂತು ಪ್ರಸಾರಕ್ಕೆ ಮೊದಲೇ ಹೊರಬಂದಾಗ ಮುಂಬೈಯಲ್ಲಿ ದೂರು ದಾಖಲಾಗಿ ನಾಲ್ವರ ಬಂಧನವಾಯಿತು. ಸೋರಿಕೆ ಆದದ್ದು ಒಳಗಿನವರಿಂದ. ಇಂಥದ್ದಕ್ಕೆ ಕ್ರಿಮಿನಲ್ ಕಾನೂನು ಬೇಕೇ ಬೇಕು, ನನಗೆ ಅದರಲ್ಲಿ ಎರಡನೇ ಮಾತಿಲ್ಲ. ಥಿಯೇಟರಿನಲ್ಲಿ ಕೂತು ಸಿನಿಮಾ ರೆಕಾರ್ಡ್ ಮಾಡುವವರ ಮೇಲೆ 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಂದ ತಿದ್ದುಪಡಿಯೂ ಸರಿ. ಅಲ್ಲಿ ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ. ದಂಡ 3 ಲಕ್ಷದಿಂದ ಶುರುವಾಗಿ, ಸಿನಿಮಾದ ಒಟ್ಟು ನಿರ್ಮಾಣ ವೆಚ್ಚದ ಶೇಕಡಾ 5ರವರೆಗೆ ಹೋಗಬಹುದು. 10 ಕೋಟಿಯ ಸಿನಿಮಾ ಆದರೆ 50 ಲಕ್ಷ. ಮಕ್ಕಳು ಮೊಬೈಲ್ ಎತ್ತಿ ಹಿಡಿದರೆ ಇಳಿಸಲು ಹೇಳಿ.

ಆದರೆ ಒಂದು ಕಾನೂನು ನನ್ನನ್ನು ಕಾಡುತ್ತದೆ. ಮಹಾರಾಷ್ಟ್ರದಲ್ಲಿ ಕೊಳೆಗೇರಿ ದಾದಾಗಳು, ಕಳ್ಳಭಟ್ಟಿಯವರು, ಮಾದಕ ವಸ್ತು ಮಾರುವವರನ್ನು ವಿಚಾರಣೆ ಇಲ್ಲದೆ ಮುಂಜಾಗ್ರತೆಯಾಗಿ ಬಂಧಿಸಿಡುವ 1981ರ ಕಾಯ್ದೆ ಇದೆ. 2009ರಲ್ಲಿ ಆ ಪಟ್ಟಿಗೆ ವಿಡಿಯೋ ಪೈರಸಿ ಮಾಡುವವರನ್ನೂ ಸೇರಿಸಿದರು. ಕರ್ನಾಟಕವೂ ತನ್ನ ಗೂಂಡಾ ಕಾಯ್ದೆಗೆ ಆಡಿಯೋ, ವಿಡಿಯೋ ಪೈರಸಿಯನ್ನು ಸೇರಿಸಿತು. ಅಂದರೆ ಅಪರಾಧ ಸಾಬೀತಾಗದೆಯೇ 12 ತಿಂಗಳವರೆಗೆ ಒಳಗಿಡಬಹುದು. ಅದೇ ಅಪರಾಧ ಕೋರ್ಟಿನಲ್ಲಿ ಸಾಬೀತಾದರೆ ಮೊದಲ ಸಲದ ಕನಿಷ್ಠ ಶಿಕ್ಷೆ 6 ತಿಂಗಳು! ಸಿನಿಮಾದವರ ನಷ್ಟ ನಿಜ, ಅವರ ಸಿಟ್ಟೂ ನಿಜ. ಆದರೂ ಸಿಡಿ ಮಾರುವ ಹುಡುಗನನ್ನು ವಿಚಾರಣೆಯಿಲ್ಲದೆ ಒಂದು ವರ್ಷ ಕೂಡಿಹಾಕುವುದನ್ನು ನಾನು ಒಪ್ಪಲಾರೆ.

ಇನ್ನು ನೋಡುವವರ ಮಾತು. 2016ರಲ್ಲಿ ಒಂದು ಸುದ್ದಿ ದೇಶವೆಲ್ಲ ಓಡಾಡಿತು. ನಿರ್ಬಂಧಿಸಿದ ವೆಬ್‌ಸೈಟ್ ತೆರೆದರೆ "ಇದನ್ನು ನೋಡುವುದು ಶಿಕ್ಷಾರ್ಹ, 3 ವರ್ಷ ಜೈಲು, 3 ಲಕ್ಷ ದಂಡ" ಎಂಬ ಸಂದೇಶ ಬರುತ್ತಿತ್ತು. ಮೊದಲನೆಯದಾಗಿ, ಕಾಪಿರೈಟ್ ಕಾಯ್ದೆಯಲ್ಲಿ 3 ಲಕ್ಷದ ದಂಡವೇ ಇಲ್ಲ. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಇದನ್ನು ಸರಿಮಾಡಿದರು. ನೋಡುವುದು ಅಪರಾಧವಲ್ಲ, ಅನುಮತಿ ಇಲ್ಲದೆ ಹಂಚುವುದು, ಸಾರ್ವಜನಿಕರಿಗೆ ತೋರಿಸುವುದು, ಮಾರುವುದು, ಬಾಡಿಗೆಗೆ ಕೊಡುವುದು ಅಪರಾಧ ಎಂಬುದು ಅವರ ಆದೇಶದ ತಾತ್ಪರ್ಯ. ಕಳ್ಳ ಸೈಟಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಕಾನೂನಿನಲ್ಲಿ ಇಲ್ಲದ ಶಿಕ್ಷೆಯನ್ನು ತೋರಿಸಿ ಜನರನ್ನು ಹೆದರಿಸಬಾರದು ಅನ್ನುತ್ತಿದ್ದೇನೆ.

ಈಗ ನಾಟಕದವರ ವಿಷಯ. ನೀವು ಕಾಯುತ್ತಿದ್ದದ್ದು ಇದಕ್ಕೇ ಅಂತ ಗೊತ್ತು.

ನಮ್ಮ ಕರಾವಳಿಯಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ದೊಡ್ಡ ಪ್ರಕರಣ ಇದೆ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ಬ್ಯಾಲೆಗಳನ್ನು ರಚಿಸಿದರಲ್ಲ, ಅವುಗಳದ್ದು. ಕಾರಂತರು 1994ರಲ್ಲಿ ಉಯಿಲು ಬರೆದರು, 1997ರಲ್ಲಿ ತೀರಿಕೊಂಡರು. ಉಯಿಲಿನ ಪ್ರಕಾರ ಹಕ್ಕು ಬಂದದ್ದು ಅವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಮಹಿಳೆಗೆ. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್‌ನವರು ದೆಹಲಿಯಲ್ಲಿ ಆ ಬ್ಯಾಲೆಯ ಪ್ರದರ್ಶನ ಮಾಡಿಸಿದಾಗ ಆ ಮಹಿಳೆ ಕೋರ್ಟಿಗೆ ಹೋದರು. 2009ರಲ್ಲಿ ಸುಪ್ರೀಂ ಕೋರ್ಟ್ ಹಕ್ಕು ಆಕೆಯದೇ ಎಂದಿತು. ಆದರೆ ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು. ಕಾಯ್ದೆಯ 52ನೇ ಸೆಕ್ಷನ್ ಕೊಟ್ಟಿರುವ ವಿನಾಯಿತಿಗಳು ಅಕಾಡೆಮಿಗೂ ಸಿಗುತ್ತವೆ, ತಡೆಯಾಜ್ಞೆ ಅವುಗಳಿಗೆ ಅಡ್ಡ ಬರಬಾರದು ಅಂತ. ಇದು ಸಿವಿಲ್ ಪ್ರಕರಣವಾಗಿತ್ತು, ಯಾರೂ ಜೈಲಿಗೆ ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ. ಹಕ್ಕು ಯಾರದು ಅಂತಲೇ ಎರಡು ಕಡೆಯವರಿಗೂ ಪ್ರಾಮಾಣಿಕವಾದ ಭಿನ್ನಾಭಿಪ್ರಾಯ ಇದ್ದಾಗ ಅದನ್ನು ತೀರ್ಮಾನಿಸುವ ಜಾಗ ಸಿವಿಲ್ ಕೋರ್ಟು.

ಆ ವಿನಾಯಿತಿಗಳಲ್ಲಿ ನಿಮಗೆ ಬೇಕಾದದ್ದು ಒಂದಿದೆ. ಹವ್ಯಾಸಿ ಸಂಘ ಅಥವಾ ಕ್ಲಬ್ಬು, ಟಿಕೆಟ್ ಇಲ್ಲದೆ, ಹಣ ಕೊಡದ ಪ್ರೇಕ್ಷಕರ ಮುಂದೆ ನಾಟಕ ಆಡಿದರೆ ಅದು ಉಲ್ಲಂಘನೆಯಲ್ಲ. ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೂ ಅಲ್ಲ. ಎಷ್ಟು ತಂಡಗಳಿಗೆ ಇದು ಗೊತ್ತಿದೆ? ಆದರೆ ಮಿತಿಯನ್ನೂ ತಿಳಿದುಕೊಳ್ಳಿ. ಇದು ಆಡುವುದಕ್ಕೆ ಮಾತ್ರ. ಅದೇ ಪ್ರಯೋಗವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದರೆ ಈ ವಿನಾಯಿತಿ ನಿಮ್ಮ ಹಿಂದೆ ಬರುವುದಿಲ್ಲ. ಡೋನರ್ ಪಾಸ್ ಅಂತ ಹೆಸರಿಟ್ಟು 500 ರೂಪಾಯಿ ತೆಗೆದುಕೊಂಡರೆ ಪ್ರೇಕ್ಷಕರು ಹಣ ಕೊಟ್ಟವರೇ. ಮರಾಠಿ ನಾಟಕವನ್ನು ಕನ್ನಡಕ್ಕೆ ತಂದು ಆಡುವ ಒಳ್ಳೆಯ ಪದ್ಧತಿ ನಮ್ಮ ಊರಿನಲ್ಲಿದೆ. ಅಲ್ಲಿ ಅನುವಾದದ ಹಕ್ಕು ಬೇರೆಯೇ ಇದೆ, ಅದು ಮೂಲ ಲೇಖಕರದು. ಅವರನ್ನು ಕೇಳಬೇಕು. ದಾದರಿನಲ್ಲೋ ಪುಣೆಯಲ್ಲೋ ಇರುತ್ತಾರೆ, ಒಂದು ಫೋನ್ ಮಾಡಿ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ.

ಅವಧಿಯ ಲೆಕ್ಕವೂ ಬೇಕು. ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ನಾಟಕಗಳು 2007ರಿಂದ ಎಲ್ಲರಿಗೂ ಮುಕ್ತ. ಟಿಕೆಟ್ ಇಟ್ಟು ಆಡಿ, ಯಾರನ್ನೂ ಕೇಳಬೇಕಾಗಿಲ್ಲ. ಬೇಂದ್ರೆಯವರು ನಮ್ಮ ಮುಂಬೈಯಲ್ಲೇ 1981ರಲ್ಲಿ ಕೊನೆಯುಸಿರೆಳೆದರು. ಅವರ ಕವನಗಳ ಹಕ್ಕು 2041ರ ಕೊನೆಯವರೆಗೂ ಇರುತ್ತದೆ.

ಯಕ್ಷಗಾನದವರಿಗೆ ಒಂದು ಮಾತು. ಮಳೆಗಾಲದಲ್ಲಿ ಊರಿನಿಂದ ಮೇಳದವರು ಇಲ್ಲಿಗೆ ಬಂದು ಆಟ ಆಡುತ್ತಾರೆ. ಇಡೀ ರಾತ್ರಿಯ ಆಟವನ್ನು ಮೊಬೈಲಿನಲ್ಲಿ ಹಿಡಿದು ಚಾನೆಲ್‌ಗಳಲ್ಲಿ ಹಾಕಿ ಹಣ ಮಾಡುವವರಿದ್ದಾರೆ. ಪ್ರಸಂಗ ಹಳೆಯದು, ಕಾಪಿರೈಟ್ ಇಲ್ಲ ಅಂತ ಅವರ ವಾದ. ಆದರೆ ಭಾಗವತರಿಗೆ, ವೇಷಧಾರಿಗೆ, ಮದ್ದಳೆಯವರಿಗೆ ಪ್ರದರ್ಶಕರ ಹಕ್ಕು ಅಂತ ಬೇರೆ ಇದೆ, 50 ವರ್ಷದವರೆಗೆ. 63ನೇ ಸೆಕ್ಷನ್ ಕಾಪಿರೈಟಿಗೆ ಮಾತ್ರವಲ್ಲ, ಈ ಕಾಯ್ದೆ ಕೊಟ್ಟ ಇಂಥ ಹಕ್ಕುಗಳಿಗೂ ಅನ್ವಯಿಸುತ್ತದೆ. ರಾತ್ರಿಯಿಡೀ ಗಂಟಲು ಹರಿದುಕೊಂಡವರಿಗೆ ಒಂದು ರೂಪಾಯಿ ಇಲ್ಲ, ಕ್ಯಾಮೆರಾ ಹಿಡಿದವರಿಗೆ ಜಾಹೀರಾತಿನ ದುಡ್ಡು. ಇದು ನಿಲ್ಲಬೇಕು.

ಹೋಟೆಲಿನವರು ಹಿಂದೆ ಕೂತಿದ್ದಾರೆ, ಅವರದ್ದನ್ನು ಬೇಗ ಮುಗಿಸುತ್ತೇನೆ. ಹೋಟೆಲಿನಲ್ಲಿ ಹಾಡು ಹಾಕುವುದು ಸಾರ್ವಜನಿಕರಿಗೆ ಕೇಳಿಸಿದ ಹಾಗೆ, ಅದಕ್ಕೆ ಲೈಸೆನ್ಸ್ ಬೇಕು. ಧ್ವನಿಮುದ್ರಣದ ಹಕ್ಕುದಾರರು ಬೇರೆ, ಹಾಡಿನ ಸಾಹಿತ್ಯ ಮತ್ತು ಸಂಗೀತದವರ ಪರವಾಗಿ ಹಣ ವಸೂಲಿ ಮಾಡುವ ಐಪಿಆರ್‌ಎಸ್ ಎಂಬ ಸಂಸ್ಥೆ ಬೇರೆ. ಡಿಸೆಂಬರ್ ಬಂದರೆ ಹೊಸ ವರ್ಷದ ಪಾರ್ಟಿಗಳ ಮೇಲೆ ತಡೆಯಾಜ್ಞೆ ಕೇಳಿ ಬಾಂಬೆ ಹೈಕೋರ್ಟಿಗೆ ಅರ್ಜಿಗಳು ಬರುತ್ತವೆ. ಮದುವೆಗೆ ವಿನಾಯಿತಿ ಇದೆ. ಧಾರ್ಮಿಕ ವಿಧಿ, ಮದುವೆಯ ದಿಬ್ಬಣ, ಅದಕ್ಕೆ ಸಂಬಂಧಿಸಿದ ಸಂಭ್ರಮಗಳು ಅದರಲ್ಲಿ ಸೇರುತ್ತವೆ. ಎಲ್ಲಿಯವರೆಗೆ ಎಂಬುದೇ ಜಗಳ. ಗೋವಾ ಸರ್ಕಾರ 2024ರ ಜನವರಿಯಲ್ಲಿ ಈ ವಿನಾಯಿತಿಯ ಬಗ್ಗೆ ಒಂದು ಸುತ್ತೋಲೆ ಹೊರಡಿಸಿತು. ಹಾಡಿನ ಹಕ್ಕುದಾರರು ಹೈಕೋರ್ಟಿನ ಗೋವಾ ಪೀಠಕ್ಕೆ ಹೋದರು, ಆಗಸ್ಟ್‌ನಲ್ಲಿ ಸುತ್ತೋಲೆ ರದ್ದಾಯಿತು. ಕಾಯ್ದೆಯಲ್ಲಿರುವ ವಿನಾಯಿತಿ ಹಾಗೇ ಇದೆ, ಅದನ್ನು ಸುತ್ತೋಲೆಯಿಂದ ಹಿಗ್ಗಿಸಲು ಆಗುವುದಿಲ್ಲ.

ಈಗ ನನಗೆ ನಿಜವಾಗಿ ನೋವು ಕೊಡುವ ವಿಷಯಕ್ಕೆ ಬರುತ್ತೇನೆ. ಕನ್ನಡ ಪುಸ್ತಕಗಳ ಪಿಡಿಎಫ್. ಒಬ್ಬ ಸಣ್ಣ ಪ್ರಕಾಶಕರು ಹೊಸ ಕಾದಂಬರಿಯನ್ನು 500, ಹೆಚ್ಚೆಂದರೆ 1,000 ಪ್ರತಿ ಅಚ್ಚು ಹಾಕುತ್ತಾರೆ. ಪುಸ್ತಕ ಅಂಗಡಿಗೆ ಬಂದ ವಾರದಲ್ಲೇ ಯಾರೋ ಪುಟ ಪುಟ ಸ್ಕ್ಯಾನ್ ಮಾಡಿ ಟೆಲಿಗ್ರಾಮಿನಲ್ಲಿ ಹಾಕುತ್ತಾರೆ. ಅಲ್ಲಿಂದ ವಾಟ್ಸಾಪ್ ಗುಂಪುಗಳಿಗೆ ಬರುತ್ತದೆ. "ಕನ್ನಡ ಸೇವೆ" ಅಂತ ಮೇಲೆ ಒಂದು ಸಾಲು ಬೇರೆ. ಹೊರನಾಡಿನಲ್ಲಿ ಕನ್ನಡ ಪುಸ್ತಕ ಸಿಗುವುದು ಕಷ್ಟ, ನಾನೂ ಬಲ್ಲೆ. ಆದರೆ ಈಗ ಅಂಚೆಯಲ್ಲಿ ತರಿಸಬಹುದು, ಇ-ಪುಸ್ತಕ ಕೊಳ್ಳಬಹುದು. 200 ಪ್ರತಿ ಮಾರಾಟ ತಪ್ಪಿದರೆ ಇಂಗ್ಲಿಷಿನ ದೊಡ್ಡ ಪ್ರಕಾಶಕರಿಗೆ ಗೊತ್ತೂ ಆಗುವುದಿಲ್ಲ. ಕನ್ನಡದಲ್ಲಿ ಆ 200 ಪ್ರತಿಯೇ ಮುಂದಿನ ಪುಸ್ತಕದ ಕಾಗದದ ಖರ್ಚು.

ಹಣ ಮಾಡದಿದ್ದರೆ ತಪ್ಪಲ್ಲ ಅಂತ ಈ ಗುಂಪು ನಡೆಸುವವರು ಅಂದುಕೊಂಡಿದ್ದಾರೆ. ನಾನು ಈಗಾಗಲೇ ಹೇಳಿದೆ, ಹಣ ಮಾಡದಿದ್ದರೆ ಶಿಕ್ಷೆ ಇಳಿಯಬಹುದು, ಅಪರಾಧ ಅಳಿಯುವುದಿಲ್ಲ. ಹೆಸರು ಮುಚ್ಚಿಟ್ಟರೆ ಸಿಕ್ಕಿಬೀಳುವುದಿಲ್ಲ ಅಂತಲೂ ಅಂದುಕೊಂಡಿದ್ದಾರೆ. 2022ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್, ಕೋಚಿಂಗ್ ಶಿಕ್ಷಕಿಯೊಬ್ಬರ ಪಾಠದ ಪುಸ್ತಕಗಳನ್ನು ಹಂಚುತ್ತಿದ್ದ ಚಾನೆಲ್‌ಗಳ ವಿವರ ಕೊಡುವಂತೆ ಟೆಲಿಗ್ರಾಮಿಗೆ ಆದೇಶ ಮಾಡಿತು. ಫೋನ್ ನಂಬರ್ ಸಮೇತ ಕೊಡಬೇಕಾಯಿತು. ಗುಂಪಿನಲ್ಲಿ ಬಂದ ಪಿಡಿಎಫ್ ಓದಿದ ಅಜ್ಜಿಯನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಸ್ಕ್ಯಾನ್ ಮಾಡಿ ಹಾಕಿದವರು, ಲೇಖಕರು "ಬೇಡಪ್ಪಾ" ಅಂತ ಕೇಳಿಕೊಂಡ ಮೇಲೂ ತೆಗೆಯದ ಅಡ್ಮಿನ್‌ಗಳು, ಇವರು ಹೆದರಬೇಕು. ಇಲ್ಲಿ ಯಾರಾದರೂ ಅಂಥ ಗುಂಪು ನಡೆಸುತ್ತಿದ್ದರೆ, ಬದುಕಿರುವ ಲೇಖಕರ ಪುಸ್ತಕಗಳನ್ನು ಇವತ್ತೇ ತೆಗೆದುಹಾಕಿ. ಕೈಮುಗಿದು ಕೇಳುತ್ತೇನೆ.

ಹಕ್ಕುದಾರರಿಗೂ ಹೇಳಬೇಕಾದದ್ದಿದೆ. ರಾಯಲ್ಟಿ ಬಾಕಿ, ಒಪ್ಪಂದದ ಜಗಳ, ಪಾಲುದಾರಿಕೆ ಮುರಿದದ್ದು, ಇಂಥದ್ದಕ್ಕೆಲ್ಲ 63ನೇ ಸೆಕ್ಷನ್ ಹಿಡಿದು ಠಾಣೆಗೆ ಓಡುವುದು ಹೆಚ್ಚಾಗುತ್ತಿದೆ. ಜೈಲಿನ ಹೆದರಿಕೆ ಹಾಕಿದರೆ ಹಣ ಬೇಗ ಬರುತ್ತದೆ ಎಂಬ ಲೆಕ್ಕ. ಮಾಡಬೇಡಿ. ಇದು ದೂರುದಾರರು ರಾಜಿಯಾಗಿ ವಾಪಸು ಪಡೆಯಬಹುದಾದ ಅಪರಾಧಗಳ ಪಟ್ಟಿಯಲ್ಲಿಲ್ಲ. ನಾಳೆ ನೀವಿಬ್ಬರೂ ಕೂತು ಚಹಾ ಕುಡಿದು ಜಗಳ ಮುಗಿಸಿದರೂ ಎಫ್‌ಐಆರ್ ಮುಗಿಯುವುದಿಲ್ಲ. ಇಬ್ಬರೂ ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಹಾಗೆಯೇ ದೂರು ಕೊಡಲು ಕಾಲಮಿತಿಯೂ ಇದೆ, 3 ವರ್ಷ. ನಿಜವಾದ ಕಳ್ಳತನ ಆಗಿದ್ದರೆ ಕಾಯುತ್ತ ಕೂರಬೇಡಿ. ಕಾಪಿರೈಟ್ ನೋಂದಣಿ ಮಾಡಿಸಿಲ್ಲವಲ್ಲ ಅಂತ ಹಿಂಜರಿಯಲೂ ಬೇಡಿ. ಬರೆದ ಕ್ಷಣದಿಂದ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಮಾಡಿಸಿದ್ದರೆ ಸಾಕ್ಷಿಗೆ ಅನುಕೂಲ, ಅಷ್ಟೆ.

ಸಭೆಯಿಂದ ಬಂದ ಒಂದು ಪ್ರಶ್ನೆಗೆ ಉತ್ತರಿಸಿ ಮುಗಿಸುತ್ತೇನೆ. ಲೇಖಕರು ತೀರಿಕೊಂಡಿದ್ದಾರೆ, 60 ವರ್ಷ ಆಗಿಲ್ಲ, ಮನೆಯವರು ಎಲ್ಲಿದ್ದಾರೋ ಗೊತ್ತಿಲ್ಲ. ಹಳೆಯ ನಾಟಕವನ್ನು ಮತ್ತೆ ಅಚ್ಚು ಹಾಕಬೇಕು, ಏನು ಮಾಡುವುದು ಅಂತ ಕೇಳಿದ್ದಾರೆ. ಇದಕ್ಕೆ 31ಎ ಸೆಕ್ಷನ್ ಇದೆ. ಹಕ್ಕುದಾರರು ಪತ್ತೆಯಾಗದಿದ್ದಾಗ ನ್ಯಾಯಾಲಯದಿಂದಲೇ ಲೈಸೆನ್ಸ್ ಪಡೆಯಬಹುದು. ಅದಕ್ಕೆ ಮೊದಲು ನಿಮ್ಮ ಉದ್ದೇಶವನ್ನು ದೇಶದ ಬಹುಭಾಗದಲ್ಲಿ ಓಡಾಡುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಿಸಬೇಕು. ಕನ್ನಡಕ್ಕೆ ಅನುವಾದಿಸುವುದಾದರೆ ಕನ್ನಡ ದಿನಪತ್ರಿಕೆಯಲ್ಲೂ ಹಾಕಿಸಬೇಕು. ಖರ್ಚು, ಓಡಾಟ ಇದೆ. ಅದಕ್ಕಿಂತ ಮೊದಲು ಹಳೆಯ ಪ್ರಕಾಶಕರಿಗೆ ಬರೆಯಿರಿ, ಲೇಖಕರ ಊರಿನ ಕಾಲೇಜಿಗೆ ಬರೆಯಿರಿ, ಕನ್ನಡ ಸಂಘಗಳಲ್ಲಿ ವಿಚಾರಿಸಿ. ಸಾಮಾನ್ಯವಾಗಿ ಒಬ್ಬ ಮಗಳೋ ಮೊಮ್ಮಗನೋ ಸಿಕ್ಕೇ ಸಿಗುತ್ತಾರೆ. ಅವರು ಒಪ್ಪಿದರೆ ಬಾಯಿಮಾತಿನಲ್ಲಿ ಬಿಡಬೇಡಿ. ಯಾವ ಕೃತಿ, ಎಷ್ಟು ಪ್ರತಿ ಅಥವಾ ಎಷ್ಟು ಪ್ರಯೋಗ, ಎಷ್ಟು ವರ್ಷ, ಎಷ್ಟು ಹಣ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಅವಧಿ ಬರೆಯದೆ ಹಕ್ಕನ್ನೇ ವರ್ಗಾಯಿಸಿದ್ದರೆ ಕಾನೂನು ಅದನ್ನು 5 ವರ್ಷ ಅಂತ ಲೆಕ್ಕ ಹಾಕುತ್ತದೆ, ಆಮೇಲೆ ಮತ್ತೆ ಕೇಳಬೇಕಾಗುತ್ತದೆ. ಯಾರೂ ಸಿಗದೇ ಹೋದರೂ ನೀವು ಬರೆದ ಪತ್ರಗಳು, ಅವುಗಳ ಅಂಚೆ ರಸೀದಿಗಳು, ಬಂದ ಉತ್ತರಗಳು ಎಲ್ಲವನ್ನೂ ಒಂದು ಫೈಲಿನಲ್ಲಿ ಇಡಿ. 31ಎ ಅರ್ಜಿಯ ಜೊತೆ ಅವನ್ನೇ ಲಗತ್ತಿಸಬೇಕು. ನಾಳೆ ಯಾರಾದರೂ ಠಾಣೆಯಲ್ಲಿ ದೂರು ಕೊಟ್ಟರೆ ನಿಮ್ಮ ವಕೀಲರು ಮೊದಲು ಕೇಳುವುದೂ ಅದೇ ಫೈಲನ್ನು.